ಐದರಲ್ಲಿ ಉಳಿದ ಮೂರು ಚುಕ್ಕೆ

ಕಂತು ಏಳು

"ನಾ ಮಾಡಿದ್ದಿದ್ರ ಐದಽ ಇರತಿದ್ವು ಟೀಚರ್," ಅಂದಳು ಮೆಹಜಬೀನ. "ಮೂರು ಯಾಕ ಅದಾವು ಅಂತ ಕೇಳ್ರಿ ನೀವು. ಅದೊಂದು ಕೇಳ್ರಿ."

ಸುಮಂಗಲಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂಬತ್ತನೆಯ ತರಗತಿ ‘ಬಿ’ ವಿಭಾಗದ ನಲವತ್ತೆರಡು ಹೆಸರುಗಳು. ಪ್ರತಿ ಹೆಸರಿನ ಮುಂದೆ ಐದು ಚುಕ್ಕೆ, ಚುಕ್ಕೆಗಳ ಆಚೆ ಖಾಲಿ ಜಾಗ. ಆರು ಹುಡುಗಿಯರ ಹೆಸರಿನ ಮುಂದೆ ಮಾತ್ರ ಆ ಜಾಗದಲ್ಲಿ ‘ರಜೆ’ ಎಂದು ಬಿದ್ದಿತ್ತು. ಆ ಆರೂ ಸಾಲುಗಳಲ್ಲಿ ಚುಕ್ಕೆಗಳು ಮೂರೇ ಇದ್ದವು.

"ಚುಕ್ಕಿ ಎಣಿಸಿ ಕಳ್ಳರನ್ನ ಹಿಡದದ್ದು ನಾ ಎಲ್ಲೂ ಕೇಳಿಲ್ಲ ಮೇಡಂ," ಎಂದರು ಬಾಗಿಲಲ್ಲಿ ನಿಂತಿದ್ದ ಹೆಡ್ ಮಾಸ್ತರ್ ವಿರುಪಣ್ಣ. ಅವರ ಕೈಯಲ್ಲಿ ಬೇರೊಂದು ಹಾಳೆಯಿತ್ತು. "ಯಾರ ಹೆಸರಿನ್ಯಾಗ ಒಳಗ ಹೋಗಿ ಈ ರಜಾ ಹಾಕ್ಯಾರ ಅಂತ ಕಂಪ್ಯೂಟರಽ ಬರಕೊಂಡೈತಿ. ಆರಕ್ಕ ಆರೂ ಮೆಹಜಬೀನ."

"ಹೆಸರು ನಂದು ಇರಬಹುದ್ರಿ ಸರ್. ಕೈ ನಂದಲ್ಲ."

ವಿರುಪಣ್ಣ ಕೆಟ್ಟ ಮನುಷ್ಯರಲ್ಲ. ಆದರೆ ನಿವೃತ್ತಿಗೆ ಹದಿನಾಲ್ಕು ತಿಂಗಳಿರುವ ಯಾವ ಹೆಡ್ ಮಾಸ್ತರರೂ ಒಗಟು ಬಿಡಿಸಲು ಕೂಡುವುದಿಲ್ಲ. ಕಾಗದ ಏನು ಹೇಳುತ್ತದೋ ಅದನ್ನೇ ಹೇಳಿ ಕೈ ತೊಳೆದುಕೊಳ್ಳುತ್ತಾರೆ. "ಸೋಮವಾರ ಹನ್ನೊಂದಕ್ಕ ಎಸ್‌ಡಿಎಂಸಿ ಕಮಿಟಿ ಸಭಾ ಐತಿ," ಅಂದರು. "ಅಷ್ಟರಾಗ ಬೇರೆ ಹೆಸರು ಸಿಕ್ಕರ ಛಲೋ ಆತು. ಇಲ್ಲಾಂದ್ರ ಈ ಕಂಪ್ಯೂಟರ್ ಕೋಣಿಗೆ ಬೀಗ ಬೀಳತೈತಿ, ಈಕಿಗೆ ಟಿಸಿ ಕೊಡಬೇಕಾಗತೈತಿ. ನನ್ನ ಕೈಯಾಗ ಏನೂ ಇಲ್ಲ."

ಮೆಹಜಬೀನ ತಲೆ ತಗ್ಗಿಸಲಿಲ್ಲ. ಅವಳ ಅಪ್ಪ, ಟೇಲರ್ ಉಮರಸಾಬ, ನಿನ್ನೆ ಶಾಲೆಯ ಗೇಟಿನವರೆಗೂ ಬಂದು ಒಂದೇ ಮಾತು ಹೇಳಿ ಹೋಗಿದ್ದ: ಮಗಳ ಹೆಸರಿಗೆ ಮಸಿ ಹತ್ತಿದರೆ ಮತ್ತೆ ಯಾವ ಶಾಲೆಗೂ ಕಳಿಸುವುದಿಲ್ಲ, ಮನೆಯಲ್ಲೇ ಮಷಿನ್ನಿನ ಮುಂದೆ ಕೂಡಿಸುತ್ತೇನೆ. ಅವಳ ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನು ಮೂರೇ ತಿಂಗಳು.

ಕುಷ್ಟಗಿಯಿಂದ ಯಲಬುರ್ಗಾ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಹೊರಳಿದರೆ ಸಿಗುವ ನೀರಲಬಾವಿಯ ಸರ್ಕಾರಿ ಪ್ರೌಢಶಾಲೆ ಇದು. ಗಣಿತದ ಸುಮಂಗಲಾ ಇಲ್ಲಿಗೆ ಬಂದ ವರ್ಷ ಒಂಬತ್ತು ಕಂಪ್ಯೂಟರುಗಳು ಗೋಣಿಚೀಲದ ಕೆಳಗೆ ಮಲಗಿದ್ದವು. ಎಬ್ಬಿಸಿ, ಧೂಳು ಝಾಡಿಸಿ, ದಿನಾ ಸಾಲೆ ಬಿಟ್ಟ ಮೇಲೆ ನಾಲ್ಕೂವರೆಯಿಂದ ಮುಕ್ಕಾಲು ತಾಸು ಕೋಡಿಂಗ್ ಕ್ಲಬ್ ಶುರು ಮಾಡಿದಳು. ಮೊದಲು ಚೆಂಡು ಪುಟಿಯುವ ಆಟ, ಆಮೇಲೆ ಮಗ್ಗಿ ಕೇಳುವ ಆಟ. ಎರಡನೆಯ ವರ್ಷ ಮಕ್ಕಳು ತಾವಾಗಿಯೇ ಬರೆದದ್ದು ‘ಕರೆ ಚೀಟಿ’.

ಅದರ ಕೆಲಸ ಸರಳ. ಪ್ರತಿ ತರಗತಿಯ ಲೀಡರ್ ದಿನಾ ಬಂದು ಯಾರು ಬಂದಿಲ್ಲ ಎಂದು ಒತ್ತಬೇಕು. ಯಾರಾದರೂ ಸತತ ಮೂರು ದಿನ ಬರದಿದ್ದರೆ ಪ್ರಿಂಟರ್ ತಾನಾಗಿಯೇ ಒಂದು ಚೀಟಿ ಹೊರಹಾಕುತ್ತದೆ. ‘ನಿಮ್ಮ ಮಗಳು ಸಾಲೆಗೆ ಬಂದಿಲ್ಲ, ನಾವು ಕಾಯುತ್ತಿದ್ದೇವೆ.’ ಆ ಚೀಟಿ ಹಿಡಿದು ನಾಲ್ಕು ಮಕ್ಕಳು ಆ ಮನೆಗೆ ಹೋಗುತ್ತಾರೆ, ಬೇಕಾದರೆ ಹಿಂದಿನಿಂದ ಸುಮಂಗಲಾ ಹೋಗುತ್ತಾಳೆ. ಸಹಿಗಾಗಿ ಮಕ್ಕಳು ಕಾಯಬಾರದೆಂದು ಅವಳು ಖಾಲಿ ಹಾಳೆಗಳ ಕೆಳಗೆ ಮೊದಲೇ ಸಹಿ ಹಾಕಿ, ಸಾಲೆಯ ಮೊಹರು ಒತ್ತಿಸಿ, ಪ್ರಿಂಟರಿಗೆ ತುಂಬಿಡುತ್ತಿದ್ದಳು. ಹೋದ ವರ್ಷ ಹಾಗೆ ಹನ್ನೊಂದು ಹುಡುಗಿಯರು ಬೆಂಚಿಗೆ ಮರಳಿದ್ದರು.

ಹೆಸರಿನ ಮುಂದೆ ‘ರಜೆ’ ಇದ್ದರೆ ಮಾತ್ರ ಚೀಟಿ ಬರುವುದಿಲ್ಲ. ಜ್ವರ, ಆಸ್ಪತ್ರೆ ಎಂಬಂಥ ಕಾರಣಕ್ಕೆ ಇಟ್ಟ ವ್ಯವಸ್ಥೆ ಅದು. ಒಂಬತ್ತು ‘ಬಿ’ಗೆ ದಸರೆಯಿಂದ ಕ್ಲಾಸ್ ಟೀಚರೇ ಇಲ್ಲ. ಮೊನ್ನೆ ಗುರುವಾರ ಬದಲಿ ಪಾಠಕ್ಕೆ ಹೋದ ಸುಮಂಗಲಾ ಎರಡು ಬೆಂಚು ಪೂರಾ ಖಾಲಿ ಇದ್ದುದನ್ನು ಕಂಡಳು. ಆರು ಹುಡುಗಿಯರು ಬಾರದೆ ಹತ್ತೊಂಬತ್ತು ದಿನ ಆಗಿತ್ತು. ಚೀಟಿ ಬಂದಿಲ್ಲ ಅಂದರೆ ಎಲ್ಲರೂ ಬರುತ್ತಿದ್ದಾರೆ ಎಂದು ಅವಳು ನಿಶ್ಚಿಂತೆಯಿಂದ ಇದ್ದಳು. ಮಷಿನ್ನು ಎಚ್ಚರವಿದೆ ಎಂದು ತಾನು ನಿದ್ದೆ ಹೋಗಿದ್ದೆನಲ್ಲ ಎಂಬ ನಾಚಿಕೆ ಅವಳನ್ನು ಎರಡು ದಿನದಿಂದ ಕೊರೆಯುತ್ತಿತ್ತು.

"ನಿನ್ನ ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದಿ?" ಹೆಡ್ ಮಾಸ್ತರ್ ತಮ್ಮ ಹಾಳೆಯನ್ನು ಅವಳ ಕೈಗಿಟ್ಟು ಹೋದ ಮೇಲೆ ಕೇಳಿದಳು.

ಮೆಹಜಬೀನ ಬಾಗಿಲನ್ನು ಅರ್ಧ ಮುಚ್ಚಿದಳು. ಬಾಗಿಲ ಹಿಂದೆ ಒಂದು ರಟ್ಟು ತೂಗುತ್ತಿತ್ತು. ಮಕ್ಕಳು ಮರೆಯುತ್ತಾರೆಂದು ಸುಮಂಗಲಾ ತನ್ನ ದುಂಡು ಅಕ್ಷರದಲ್ಲಿ ಬರೆದು ತೂಗುಹಾಕಿದ್ದು. ಹತ್ತೊಂಬತ್ತು ಮಕ್ಕಳ ಹೆಸರು, ಎದುರಿಗೆ ಹತ್ತೊಂಬತ್ತು ಪಾಸ್‌ವರ್ಡ್. ಮೊದಲನೆಯ ಹೆಸರೇ ಮೆಹಜಬೀನ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಸುಮಂಗಲಾ ರಟ್ಟನ್ನು ಕಿತ್ತು ಚೀಲಕ್ಕೆ ಹಾಕಿದಳು.

ಈ ಕೋಣೆಗೆ ಯಾರು ಯಾರು ಬರುತ್ತಾರೆ? ಕ್ಲಬ್ಬಿನ ಮಕ್ಕಳು. ತರಗತಿ ಲೀಡರುಗಳು. ಮಂಗಳವಾರ, ಶುಕ್ರವಾರ ಕುಷ್ಟಗಿಯಿಂದ ಬಂದು ಕಂಪ್ಯೂಟರ್ ರಿಪೇರಿ ಮಾಡಿಕೊಡುವ ಜಹೀರ. ಸಂಜೆ ಕಸ ಗುಡಿಸುವ ಬಿಸಿಯೂಟದ ಶಾಂತಕ್ಕ. ಅವಳನ್ನು ಸುಮಂಗಲಾ ಲೆಕ್ಕಕ್ಕೆ ಹಿಡಿಯಲಿಲ್ಲ, ಶಾಂತಕ್ಕ ಪಗಾರದ ಹಾಳೆಗೆ ಹೆಬ್ಬೆಟ್ಟು ಒತ್ತುವವಳು. ಗೋಡೆಯ ಮೇಲೆ ಮಕ್ಕಳು ತಮ್ಮ ಮೊದಲ ಪ್ರಿಂಟುಗಳನ್ನು ಅಂಟಿಸಿದ್ದರು. ಹೂವು, ಮನೆ, ಚೆಂಡು, ನಡುವೆ ದಪ್ಪ ಅಕ್ಷರದಲ್ಲಿ ‘ಶಾಂತಕ್ಕ’ ಎಂಬ ಒಂದೇ ಪದದ ಒಂದು ಹಾಳೆ. ಅದನ್ನು ದಿನಾ ನೋಡಿ ನೋಡಿ ಸುಮಂಗಲಾಳ ಕಣ್ಣಿಗೆ ಅದು ಬೀಳುವುದೇ ಬಿಟ್ಟಿತ್ತು.

"ಕೀ ಬೋರ್ಡಿನ ಚುಕ್ಕಿ ಬಟನ್ ಸಡ್ಲ ಆಗಿರಬೇಕ್ರಿ ಅಂತ ಜಹೀರಣ್ಣ ಅಂದ," ಎಂದಳು ಮೆಹಜಬೀನ. "ಸಡ್ಲ ಆಗಿದ್ರ ಒಂದ್ರಾಗ ಎರಡು, ಒಂದ್ರಾಗ ನಾಕು ಇರಬೇಕಲ್ರಿ? ಆರಕ್ಕೂ ಮೂರಽ ಹೆಂಗ?"

ಹುಡುಗಿ ಸರಿಯಾದದ್ದನ್ನೇ ಕೇಳಿದ್ದಳು. ಇಂಥ ಪ್ರಶ್ನೆ ಕೇಳುವ ತಲೆಯನ್ನು ಮಷಿನ್ನಿನ ಮುಂದೆ ಕೂಡಿಸಿ ಕಾಜಾ ಹೊಲಿಸುತ್ತಾರಲ್ಲ ಎಂದು ಸುಮಂಗಲಾಳಿಗೆ ಸಂಕಟವಾಯಿತು.

ಶನಿವಾರದ ಅರ್ಧ ದಿನದ ಸಾಲೆ ಬಿಟ್ಟಿತ್ತು. ಅಡುಗೆ ಕೋಣೆಯಲ್ಲಿ ಶಾಂತಕ್ಕ ಒದ್ದೆ ಬೆರಳಿನಿಂದ ಗೋಡೆ ಒರೆಸುತ್ತಿದ್ದಳು. ತರಗತಿಗೆ ಇಷ್ಟು ಎಂದು ಇದ್ದಿಲಿನಿಂದ ಗೀಟು ಎಳೆದು, ಊಟ ಮುಗಿದ ತರಗತಿಯ ಗೀಟು ಒರೆಸುವುದು ಅವಳ ಲೆಕ್ಕ. ಅಡುಗೆಗೆ ಅವಳು, ಹುಡುಗರನ್ನು ಸಾಲಾಗಿ ಕೂಡಿಸುವುದಕ್ಕೆ ಅವಳು, ಜಗಳ ಬಿಡಿಸುವುದಕ್ಕೂ ಅವಳೇ. ಊರಿನ ಯಾವ ಮನೆಯಲ್ಲಿ ಯಾವ ಒಲೆ ಹೊತ್ತಿಲ್ಲ ಎಂಬುದೂ ಅವಳಿಗೆ ಗೊತ್ತು.

"ಶಾಂತಕ್ಕ, ಈ ಆರು ಹುಡುಗ್ಯಾರು ಎಲ್ಲಿ ಅದಾರ ನಿನಗ ಗೊತ್ತೈತೇನು?"

ಶಾಂತಕ್ಕ ಹಿಂದಿರುಗಿ ನೋಡಿದಳು. ಅವಳ ನೋಟ ಸುಮಂಗಲಾಳನ್ನು ದಾಟಿ, ಹಿಂದೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ ಮೆಹಜಬೀನಳ ಮೇಲೆ ಹೋಗಿ ನಿಂತಿತು.

"ಈ ಕೂಸಿಗೆ ಟಿಸಿ ಕೊಡ್ತಾರಂತ, ಖರೇನ್ರಿ ಅಕ್ಕಾರ?"

"ಸೋಮವಾರ."

ಶಾಂತಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಗಾಡಿ ತಗೀರಿ. ನಾ ತೋರಸ್ತೀನಿ."

ಮೂರು ಕಿಲೋಮೀಟರ್ ದಾರಿ. ಮೆಹಜಬೀನಳನ್ನು ಮನೆಗೆ ಕಳಿಸಿ ಸುಮಂಗಲಾ ಶಾಂತಕ್ಕನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡಳು. ದಿನ್ನೆ ಹತ್ತಿ ಇಳಿದರೆ ಬಿಳಿ ಬಲೆ ಕಟ್ಟಿದ ಎರಡೆಕರೆ ಹೊಲ. ಹೈಬ್ರಿಡ್ ಬೀಜ ತಯಾರಿಸುವ ಟೊಮೆಟೊ ಪ್ಲಾಟು. ಸುಮಂಗಲಾ ಶ್ರೀರಾಮನಗರದವಳು, ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ಬೆಳೆದವಳು. ನಾಟಿ, ಕಳೆ, ಕೊಯ್ಲು ಬಲ್ಲಳು. ಒಂದೊಂದೇ ಹೂವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಾಡುವ ಈ ‘ಕ್ರಾಸಿಂಗ್’ ಕೆಲಸವನ್ನು ಅವಳು ಹತ್ತಿರದಿಂದ ಕಂಡಿರಲಿಲ್ಲ. ಹೋದ ವರ್ಷ ಬಂದಾಗಲೂ ಸಿಟ್ಟಿನಲ್ಲಿ ಬಂದು, ಹುಡುಗಿಯರನ್ನು ಕರೆದುಕೊಂಡು, ಸಿಟ್ಟಿನಲ್ಲೇ ಹೋಗಿದ್ದಳು.

ಬಲೆಯ ಒಳಗೆ ಹೆಂಗಸರು ಸಾಲು ಹಿಡಿದು ಕೂತಿದ್ದರು. ಸಣ್ಣ ಚಿಮಟಿಗೆಯಿಂದ ಮೊಗ್ಗು ಬಿಡಿಸಿ, ಒಳಗಿನ ಹಳದಿ ಕೊಳವೆಯನ್ನು ಕಿತ್ತು ಬಿಸಾಡುತ್ತಿದ್ದರು. ಅವರ ನಡುವೆ ಸಾಲೆಯ ನೀಲಿ ಲಂಗಗಳು. ಒಂದು, ಎರಡು, ಮೂರು. ಆಚೆ ಸಾಲಿನಲ್ಲಿ ಪಟ್ಟಿಯ ಆರರಲ್ಲಿ ಒಬ್ಬಳಾದ ಕವಿತಾ, ಅವಳ ಪಕ್ಕ ಇನ್ನೊಬ್ಬಳು. ಐದು. ಆರನೆಯವಳು ನನ್ನನ್ನು ಕಂಡು ಗಿಡಗಳ ಸಂದಿಗೆ ಸರಿದಿರಬೇಕು ಅಂದುಕೊಂಡಳು ಸುಮಂಗಲಾ.

ಕವಿತಾ ಎದ್ದು ನಿಂತಳು. ಚಿಮಟಿಗೆ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಬೆರಳ ತುದಿ ಹಸಿರುಗಟ್ಟಿತ್ತು.

"ಬರ್ರಿ ಟೀಚರ್ರ," ಎಂದು ಬದುವಿನ ಮೇಲಿಂದ ಯಂಕೋಬ ಬಂದ. ಪ್ಲಾಟಿನ ಧಣಿ. ಸೋಮವಾರದ ಸಭೆಯ ಸದಸ್ಯರಲ್ಲಿ ಒಬ್ಬ. "ಚಾ ತರಸ್ಲೇನು?"

"ಚಾ ಬ್ಯಾಡ್ರಿ. ಈ ಮಕ್ಕಳು ಸಾಲ್ಯಾಗ ಇರಬೇಕಾದವರು."

"ಇವರನ್ನ ನಾ ಕರದಿಲ್ರಿ. ಅವರವ್ವಗಳ ಕೂಡ ಬಂದಾರ."

"ಕಳಿಸಲೂ ಇಲ್ಲಲ್ರಿ."

ಯಂಕೋಬ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮಾತಿಗೆ ಮಾತು ಬೆಳೆಸುವವನಲ್ಲ. "ಹ್ವಾದ ವರ್ಷ ನಿಮ್ಮ ಚೀಟಿ ಬಂತು, ನೀವೂ ಬಂದ್ರಿ, ಕಳಿಸಿ ಕೊಟ್ಟೆ. ಈ ವರ್ಷ ಚೀಟಿನಽ ಬರ್ಲಿಲ್ಲ. ಸಾಲಿಯವರಽ ಒಪ್ಪಿ ಬಿಟ್ಟಾರ ಅನಕೊಂಡೆ ನೋಡ್ರಿ."

ಸುಮಂಗಲಾಳಿಗೆ ಕಪಾಳಕ್ಕೆ ಬಿದ್ದಂತಾಯಿತು. ಬೇರೆ ಯಾವ ಮಾತೂ ಅಷ್ಟು ನೋಯಿಸುತ್ತಿರಲಿಲ್ಲ.

"ಸೋಮವಾರ ಉಮರಸಾಬನ ಮಗಳ ಮ್ಯಾಲೆ ತೀರ್ಪು ಕೊಡಾಕ ನೀವೂ ಕುಂದರತೀರಿ," ಅಂದಳು. "ಅವತ್ತ ಮುಂಜಾನಿ ಈ ಹುಡುಗ್ಯಾರು ಬೆಂಚಿನ ಮ್ಯಾಲೆ ಇರಬೇಕು. ಇಲ್ಲಾಂದ್ರ ಆ ಸಭಾದಾಗ ನಾ ಹೇಳೂ ಮಾತು ಬ್ಯಾರೇನಽ ಇರತೈತಿ."

"ಇರತಾರ್ರಿ," ಅಂದ ಯಂಕೋಬ, ಅಷ್ಟೇ ಮೆಲ್ಲಗೆ. "ಹೂವಿಗೆ ಮಾತ್ರ ಸೋಮವಾರ ಗೊತ್ತಾಗೂದಿಲ್ಲ."

ಅವನು ಅತ್ತ ಸರಿದ ಮೇಲೆ ಸುಮಂಗಲಾ ಪಕ್ಕದ ಗಿಡದ ಹತ್ತಿರ ಕೂತಳು. ಗೋಲಿ ಗಾತ್ರದ ಹಸಿರು ಕಾಯಿ ಗೊಂಚಲು ಗೊಂಚಲಾಗಿ ಜೋತಿತ್ತು. ಅಡುಗೆಮನೆಯಲ್ಲಿ ದಿನಾ ಕಾಣುವ ಟೊಮೆಟೊದ ನೆತ್ತಿಯ ಮೇಲೆ ನಕ್ಷತ್ರದ ಹಾಗೆ ಐದು ಹಸಿರು ಎಸಳು ಇರುತ್ತವೆ. ಇಲ್ಲಿ ಹಾಗಿರಲಿಲ್ಲ. ಒಂದು ಕಾಯಿ ನೋಡಿದಳು. ಇನ್ನೊಂದು ನೋಡಿದಳು. ಮತ್ತೊಂದು ಗೊಂಚಲು ಹೊರಳಿಸಿದಳು. ಎಲ್ಲಕ್ಕೂ ಮೂರೇ ಎಸಳು. ಉಳಿದೆರಡನ್ನು ಯಾರೋ ಬುಡಕ್ಕೆ ಕತ್ತರಿಸಿದ್ದರು.

"ಶಾಂತಕ್ಕ, ಇದೇನಿದು?"

"ಅದು ಗುರುತ್ರಿ," ಅಂದಳು ಶಾಂತಕ್ಕ. ಬಾಗಿ ಒಂದು ಕಾಯಿಯನ್ನು ಎರಡು ಬೆರಳಲ್ಲಿ ಹಿಡಿದಳು, ವರ್ಷಾನುಗಟ್ಟಲೆ ಹಿಡಿದ ಕೈಯ ಸಲೀಸು ಅದರಲ್ಲಿತ್ತು. "ನಾನೂ ದಿನಾ ಮುಂಜಾನಿ ಸಾಲಿಗಿಂತ ಮೊದ್ಲು ಇಲ್ಲೇ ಕುಂದರತೀನಿ. ಇಷ್ಟು ಹೂವಿನ್ಯಾಗ ಯಾವುದು ಮುಟ್ಟೀವಿ, ಯಾವುದು ಮುಟ್ಟಿಲ್ಲ ಗೊತ್ತಾಗಬೇಕಲ್ರಿ. ಗಂಡು ಗಿಡದ ಪುಡಿ ಹಚ್ಚಿದ ಕೂಡ್ಲೆ ಎರಡು ಎಸಳು ಕತ್ತರಸ್ತೀವಿ. ಮೂರು ಉಳದಿದ್ರ ಕೆಲಸ ಮುಗೀತು ಅಂತ. ಐದೂ ಇದ್ದದ್ದು ತಾನಽ ಆದ ಕಾಯಿ. ಅದು ಬೀಜಕ್ಕ ಬರೂದಿಲ್ಲ, ಸಾರಿಗೆ ಹಾಕೂದು."

ಸುಮಂಗಲಾ ಕೂತಲ್ಲೇ ಕೂತಳು. ಐದರಲ್ಲಿ ಎರಡು ತೆಗೆದರೆ ಕೆಲಸ ಮುಗಿಯಿತು. ಚೀಲದಲ್ಲಿದ್ದ ಹಾಳೆಯನ್ನು ಹೊರತೆಗೆಯುವ ಅಗತ್ಯವೇ ಇರಲಿಲ್ಲ, ಆ ಆರು ಸಾಲುಗಳು ಕಣ್ಣ ಮುಂದೆಯೇ ಇದ್ದವು. ಒಂದು ಹೆಸರಿಗೆ ‘ರಜೆ’ ಹಾಕುವುದು, ಎರಡು ಚುಕ್ಕೆ ತೆಗೆಯುವುದು, ಮುಂದಿನ ಹೆಸರಿಗೆ ಹೋಗುವುದು. ಹಾಗೆ ಮಾಡಿದ ಕೈಗೆ ತಾನು ಗುರುತು ಬಿಡುತ್ತಿದ್ದೇನೆ ಎಂಬುದೂ ಗೊತ್ತಿರಲಾರದು. ನಾವು ಹೊಸ್ತಿಲು ದಾಟುವಾಗ ಯಾವ ಕಾಲು ಮುಂದಿಡುತ್ತೇವೆ ಎಂದು ನಮಗೇ ಗೊತ್ತಿರುವುದಿಲ್ಲವಲ್ಲ, ಹಾಗೆ.

ಮೆಹಜಬೀನ ಹೊಲದ ಮಣ್ಣು ತುಳಿದವಳಲ್ಲ. ಜಹೀರನಿಗೆ ಟೊಮೆಟೊ ಗೊತ್ತಿರುವುದು ತಟ್ಟೆಯಲ್ಲಿ ಮಾತ್ರ. ಯಂಕೋಬ ಧಣಿ, ಸಾಲು ಹಿಡಿದು ಕೂತವನಲ್ಲ, ಮೇಲಾಗಿ ಕಂಪ್ಯೂಟರ್ ಮುಟ್ಟಿದವನಲ್ಲ. ಹೂವೂ ಗೊತ್ತಿರಬೇಕು, ಕೀ ಬೋರ್ಡೂ ಗೊತ್ತಿರಬೇಕು. ಹಿಂದಿರುಗುವಾಗ ಸ್ಕೂಟರಿನ ಮೇಲೆ ಅವಳು ಕ್ಲಬ್ಬಿನ ಹತ್ತೊಂಬತ್ತು ಮಕ್ಕಳನ್ನೂ ಒಬ್ಬೊಬ್ಬರಾಗಿ ಎದುರಿಗೆ ನಿಲ್ಲಿಸಿಕೊಂಡು ನೋಡಿದಳು. ಯಾರೂ ಹೊಂದಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಸುಳ್ಳಲ್ಲ, ಅವಳ ಬೆನ್ನ ಹಿಂದೆ ಒಂದು ಹಸಿರುಗಟ್ಟಿದ ಬೆರಳು ಸ್ಕೂಟರಿನ ಸೀಟು ಹಿಡಿದು ಕೂತಿತ್ತು.

ಸಾಲೆಗೆ ಬಂದಾಗ ನಾಲ್ಕು ದಾಟಿತ್ತು. ಶಾಂತಕ್ಕ ಉಳಿದ ಪಾತ್ರೆ ತಿಕ್ಕಲು ಕೂತಳು. ಸುಮಂಗಲಾ ನೀರು ಕುಡಿಯಲೆಂದು ಅಡುಗೆ ಕೋಣೆಗೆ ಹೋದಳು. ಲೋಟ ಬಾಯಿಗೆ ಹಿಡಿದಾಗ ಕಣ್ಣು ಗೋಡೆಯ ಮೇಲೆ ಬಿತ್ತು.

ಎಂಟನೆಯ ತರಗತಿ. ಇದ್ದಿಲಿನ ಮೂರು ಗೀಟು, ಪಕ್ಕದಲ್ಲಿ ಒರೆಸಿದ ಎರಡರ ಮಸುಕು ಗುರುತು. ಒಂಬತ್ತನೆಯದು, ಮೂರು. ಹತ್ತನೆಯದು, ಮೂರು.

ಅವಳು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು.

"ಶಾಂತಕ್ಕ, ಉಂಡವರ ಗೀಟು ಪೂರಾ ಯಾಕ ಒರಸೂದಿಲ್ಲ ನೀನು?"

"ಪೂರಾ ಒರಸಿದ್ರ ಉಂಡಾರೋ, ಬಂದಽ ಇಲ್ಲೋ ಗೊತ್ತಾಗೂದಿಲ್ಲಲ್ರಿ," ಅಂದಳು ಶಾಂತಕ್ಕ ತಲೆ ಎತ್ತದೆ. "ಎರಡು ತಗದು ಮೂರು ಬಿಟ್ರ..."

ಪಾತ್ರೆ ತಿಕ್ಕುವ ಸದ್ದು ನಿಂತಿತು.

ಸುಮಂಗಲಾ ಅವಳ ಎದುರು ನೆಲದ ಮೇಲೆ ಕೂತಳು. ಪಟ್ಟಿಯನ್ನು ಕವುಚಿ ಹಾಕಿದ ಬೋಗುಣಿಯ ಮೇಲೆ ಹರಡಿದಳು. ಕ್ಲಬ್ಬಿನ ಗೋಡೆಯ ಮೇಲಿನ ಆ ಒಂದೇ ಪದದ ಹಾಳೆ ಈಗ ನೆನಪಾಯಿತು. ಆಷಾಢದಿಂದ ದಿನಾ ಸಂಜೆ, ಕಸ ಗುಡಿಸಿದ ಮೇಲೆ, ಮಕ್ಕಳು ಅವಳನ್ನು ಖುರ್ಚಿಯಲ್ಲಿ ಕೂಡಿಸಿ ಒಂದೊಂದು ಅಕ್ಷರ ಒತ್ತಿಸುತ್ತಿದ್ದರು. ರಾಜ್ಯೋತ್ಸವದ ದಿನ ಅವಳು ತನ್ನ ಹೆಸರನ್ನು ತಾನೇ ಒತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸುಮಂಗಲಾ ಕೂಡ. ಆಮೇಲೆ ಎಲ್ಲರೂ ಮರೆತಿದ್ದರು.

"ಓದು," ಅಂದಳು.

ಶಾಂತಕ್ಕ ಒದ್ದೆ ಬೆರಳನ್ನು ಸೀರೆಗೆ ಒರೆಸಿ ಹಾಳೆಯ ಮೇಲಿಟ್ಟಳು. "ಕ... ವಿ... ತಾ," ಅಂದಳು. ಬೆರಳು ಮುಂದೆ ಸರಿಯಿತು. "ರ... ಜೆ."

ಸುಮಂಗಲಾಳಿಗೆ ಮೊದಲು ಆದದ್ದು ಸಂತೋಷ. ಅದನ್ನು ಅವಳು ತನ್ನಿಂದಲೇ ಮುಚ್ಚಿಡಲಾರದೆ ಹೋದಳು. ನಲವತ್ತೆಂಟು ವರ್ಷದ ಹೆಬ್ಬೆಟ್ಟಿನ ಹೆಂಗಸು ಅಕ್ಷರ ಕಲಿತು, ಪಟ್ಟಿ ಹುಡುಕಿ, ಯಾವ ಪದ ಹಾಕಿದರೆ ಮಷಿನ್ನು ಸುಮ್ಮನಾಗುತ್ತದೆ ಎಂದು ಕಂಡುಹಿಡಿದಿದ್ದಳು. ಮೂರು ವರ್ಷದಲ್ಲಿ ಕ್ಲಬ್ಬಿಗೆ ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಆಮೇಲೆ ದುಃಖ ಬಂತು, ಬಂದದ್ದು ಹೋಗಲಿಲ್ಲ.

"ಯಾಕ ಮಾಡಿದಿ?"

"ನಲವತ್ತು ದಿನದ ಕೆಲಸ್ರಿ ಅಕ್ಕಾರ. ಹೂವು ಒಂದು ದಿನ ಕಾಯೂದಿಲ್ಲ. ಒಂದೊಂದು ಮನಿಗೆ ಇಷ್ಟು ಸಾಲು ಅಂತ ಹಂಚಿರತಾರ. ಅವ್ವ ಒಬ್ಬಾಕಿ ಕೈಯಾಗ ಮುಗಿಯೂದಿಲ್ಲ. ಹ್ವಾದ ವರ್ಷ ನೀವು ಬಂದು ಹುಡುಗ್ಯಾರನ್ನ ಕರಕೊಂಡು ಹ್ವಾದ್ರಿ. ಛಲೋನಽ ಮಾಡಿದ್ರಿ. ಆದ್ರ ಅವರವ್ವಗಳ ಸಾಲು ಬ್ಯಾರೇರ ಪಾಲಾದ್ವು. ಇಬ್ರು ಮನಿ ಬೀಗ ಹಾಕ್ಕೊಂಡು ಮಕ್ಕಳನ್ನೂ ಕಟ್ಕೊಂಡು ಗೋವಾಕ ದುಡಿಯಾಕ ಹ್ವಾದ್ರು. ಆ ಮಕ್ಕಳು ಇವತ್ತಿಗೂ ಸಾಲಿಗೆ ಬಂದಿಲ್ಲ. ನಿಮ್ಮ ಹನ್ನೊಂದು ಮಂದ್ಯಾಗ ಅವರೂ ಇದ್ರು."

ಹನ್ನೊಂದು ಎಂಬ ಸಂಖ್ಯೆಯನ್ನು ಸುಮಂಗಲಾ ಎಷ್ಟು ಸಭೆಗಳಲ್ಲಿ ಹೇಳಿಕೊಂಡಿದ್ದಳು.

"ನಲವತ್ತು ದಿನ ಮುಗದ ಮ್ಯಾಲೆ ನಾನಽ ಅಳಸಾಕಿ ಇದ್ದೆ. ರಟ್ಟಿನ್ಯಾಗ ಮೊದ್ಲನೇ ಹೆಸರು ಇತ್ತು, ಅದನ್ನ ನೋಡಿ ಒತ್ತಿದೆ. ಯಾರ ಹೆಸರು ಅಂತ ವಿಚಾರ ಮಾಡ್ಲಿಲ್ಲ. ಅದು ಆ ಕೂಸಿನ ಕೊರಳಿಗೆ ಬರತೈತಿ ಅಂತ ಗೊತ್ತಿದ್ರ ಕೈ ಕಡಕೊತಿದ್ದೆ." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸೋಮವಾರ ಸಭಾದಾಗ ನಾನಽ ನಿಂತು ಹೇಳ್ತೀನ್ರಿ. ಆಕಿ ಹೆಸರು ತಗಸ್ರಿ."

"ನಿನ್ನ ಕೆಲಸ ಹೋಗತೈತಿ ಶಾಂತಕ್ಕ."

"ಹೋಗ್ಲಿ ಬಿಡ್ರಿ. ಓದಾಕಂತೂ ಬರತೈತಿ ಈಗ."

ನಗಬೇಕೋ ಅಳಬೇಕೋ ತಿಳಿಯದೆ ಸುಮಂಗಲಾ ಹಾಳೆ ಮಡಚಲು ಹೋದಳು. ಶಾಂತಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ತುಟಿ ಅಲುಗುತ್ತಿತ್ತು. ಕೊನೆಯ ಹೆಸರಿನ ಹತ್ತಿರ ಬೆರಳು ನಿಂತಿತು.

"ಅಕ್ಕಾರ, ಇಲ್ಲಿ ಆರು ಅದಾವಲ್ರಿ."

"ಹೌದು. ಆರು ಮಂದಿ."

"ನಾ ಮಾಡಿದ್ದು ಐದ್ರಿ." ಶಾಂತಕ್ಕ ಮತ್ತೊಮ್ಮೆ ಕೂಡಿಸಿ ಓದಿದಳು. "ಅಂ... ಜ... ಲಿ. ಈಕಿ ನಮ್ಮ ಕೂಡ ಪ್ಲಾಟಿಗೆ ಬರೂದಽ ಇಲ್ಲ. ಈಕಿ ಹೆಸರು ನಾ ಮುಟ್ಟಿಲ್ಲ."

ಬಲೆಯ ಒಳಗೆ ಐದೇ ನೀಲಿ ಲಂಗಗಳಿದ್ದವು. ಆರನೆಯವಳು ಗಿಡದ ಸಂದಿಗೆ ಸರಿದಿರಲಿಲ್ಲ. ಅಲ್ಲಿ ಇರಲೇ ಇಲ್ಲ.

ಸುಮಂಗಲಾ ಹೆಡ್ ಮಾಸ್ತರರ ಹಾಳೆಯನ್ನು ಹುಡುಕಿ ತೆಗೆದಳು. ಇಲ್ಲಿಯವರೆಗೆ ಎಲ್ಲರೂ ಅದರಲ್ಲಿ ಮೆಹಜಬೀನಳ ಹೆಸರನ್ನಷ್ಟೇ ನೋಡಿದ್ದರು. ಪಕ್ಕದ ವೇಳೆಯನ್ನು ಯಾರೂ ನೋಡಿರಲಿಲ್ಲ. ಮೊದಲ ಐದೂ ಮೂರು ವಾರದ ಹಿಂದಿನ ಒಂದೇ ಗುರುವಾರದ ಸಂಜೆ, ಐದೂಕಾಲಿನಿಂದ ಐದೂವರೆಯವರೆಗೆ. ಒಂದೊಂದು ಹೆಸರಿಗೆ ಮೂರು ಮೂರು ನಿಮಿಷ ಹಿಡಿದಿತ್ತು. ಅಕ್ಷರ ಹುಡುಕಿ ಹುಡುಕಿ ಒತ್ತಿದ ಬೆರಳು ಅದು.

ಆರನೆಯದು ಮಾರನೆಯ ದಿನ ಶುಕ್ರವಾರ, ಊಟದ ಬಿಡುವಿನಲ್ಲಿ, ಒಂದು ಗಂಟೆ ನಲವತ್ತು ನಿಮಿಷಕ್ಕೆ. ಪಟ್ಟಿ ತೆರೆದು, ‘ರಜೆ’ ಹಾಕಿ, ಎರಡು ಚುಕ್ಕೆ ತೆಗೆದು, ಮುಚ್ಚಲು ಹಿಡಿದದ್ದು ಹನ್ನೊಂದು ಸೆಕೆಂಡು.

ಶಾಂತಕ್ಕನ ಗುರುತನ್ನು ಯಾರೋ ಗಮನಿಸಿದ್ದರು. ಅದೇ ಗುರುತು ಮಾಡಿ, ಐದು ಹೆಸರುಗಳ ಮರೆಯಲ್ಲಿ ಆರನೆಯದನ್ನು ಬಚ್ಚಿಟ್ಟಿದ್ದರು. ಶುಕ್ರವಾರ ಜಹೀರ ಬರುವ ದಿನ. ಮತ್ತೆ ಮೆಹಜಬೀನ ಊಟದ ಬಿಡುವಿನಲ್ಲಿ ಕಂಪ್ಯೂಟರ್ ಕೋಣೆ ಬಿಟ್ಟು ಕದಲುವವಳಲ್ಲ.

ಬೇಡದ ಯೋಚನೆ. ಸುಮಂಗಲಾ ಅದನ್ನು ಅಲ್ಲೇ ಬಿಟ್ಟು ಸ್ಕೂಟರಿನ ಕೀಲಿ ಎತ್ತಿಕೊಂಡಳು.

ಅಂಜಲಿಯ ಅಪ್ಪ ಅವ್ವ ಇಬ್ಬರೂ ದುಡಿಯಲು ಮಂಗಳೂರಿಗೆ ಹೋದವರು. ಹುಡುಗಿ ಊರ ತುದಿಯ ಮನೆಯಲ್ಲಿ ಅಜ್ಜಿ ಮುದಕಮ್ಮನ ಜೊತೆ ಇರುತ್ತಿದ್ದಳು. ಮುದಕಮ್ಮ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಳು. ಸ್ಕೂಟರ್ ಕಂಡು ಎದ್ದಳು, ಹಿಂದಿನ ಸೀಟು ಖಾಲಿ ಇರುವುದನ್ನು ನೋಡಿ ಮತ್ತೆ ಕೂತಳು.

"ಅಂಜಲಿ ನಿಮ್ಮ ಕೂಡ ಬರ್ಲಿಲ್ಲೇನ್ರಿ ಅಕ್ಕಾರ?"

"ಎಲ್ಲಿಂದ ಬರಬೇಕಿತ್ತು ಅಮ್ಮ?"

"ಎಲ್ಲಿಂದ ಅಂದ್ರ? ಕುಷ್ಟಗಿಯಿಂದ. ದಿನಾ ಒಂಬತ್ತರ ಬಸ್ಸಿಗೆ ಹೋಗಿ ಐದಕ್ಕ ಬರತಾಳಲ್ರಿ, ಯೂನಿಫಾರಂ ಹಾಕ್ಕೊಂಡು, ಚೀಲ ತಗೊಂಡು. ಶನಿವಾರ ಎರಡಕ್ಕಽ ಬರತಿದ್ಲು. ಇವತ್ತ ಇನ್ನೂ ಬಂದಿಲ್ಲ." ಮುದಕಮ್ಮನ ಕಣ್ಣು ಮತ್ತೆ ದಾರಿಗೆ ಹೋಯಿತು. "ನೀವಽ ಕಳಿಸೀರಿ ಅಂತ ನಾ ಧೈರ್ಯದಾಗ ಇದ್ದೆ."

"ನಾನಾ?"

"ಕಾಗದ ಕೊಟ್ಟೀರಲ್ರಿ."

ಮುದಕಮ್ಮ ಒಳಗೆ ಹೋಗಿ ಜೋಳದ ಡಬ್ಬಿಯ ಮುಚ್ಚಳ ತೆಗೆದು, ಅದರೊಳಗಿನಿಂದ ಮಡಚಿದ ಹಾಳೆಯೊಂದನ್ನು ತಂದು ಕೊಟ್ಟಳು. ಕಾಳಿನ ಧೂಳು ಝಾಡಿಸಿ ಸುಮಂಗಲಾ ಬಿಡಿಸಿದಳು. ಕೋಡಿಂಗ್ ಕ್ಲಬ್ಬಿನಿಂದ ಆಯ್ಕೆಯಾದ ವಿದ್ಯಾರ್ಥಿನಿಗೆ ಕುಷ್ಟಗಿಯಲ್ಲಿ ವಿಶೇಷ ಕಂಪ್ಯೂಟರ್ ತರಬೇತಿ. ದಿನಾ ಕಳಿಸಿಕೊಡಬೇಕು, ಯಾರಿಗೂ ಹೇಳುವ ಅಗತ್ಯವಿಲ್ಲ. ಕೆಳಗೆ ಸಾಲೆಯ ಮೊಹರು. ಮೊಹರಿನ ಪಕ್ಕದಲ್ಲಿ ಅವಳದೇ ಸಹಿ.

ಖೋಟಾ ಸಹಿಯಲ್ಲ. ಅವಳೇ ಹಾಕಿದ್ದು. ಪ್ರಿಂಟರಿಗೆ ತುಂಬಿಟ್ಟ ಖಾಲಿ ಹಾಳೆಗಳ ಮೇಲೆ, ಚಹಾ ಕುಡಿಯುತ್ತ, ಒಂದರ ಮೇಲೊಂದು ಹಾಕಿದ್ದು.

ಅವಳು ಕಾಗದವನ್ನು ಮತ್ತೆ ಮೊದಲಿನಿಂದ ಓದಿದಳು. ಇದು ಮಷಿನ್ನು ತಾನಾಗಿ ಬರೆದ ಚೀಟಿಯಲ್ಲ, ಯಾರೋ ಕೂತು ಒತ್ತಿದ ಕಾಗದ. ಮೇಲಿನ ಸಾಲಿನಲ್ಲಿ ಹುಡುಗಿಯ ಹೆಸರಿತ್ತು, ಅಂಜಲಿ. ಹೆಸರಿನ ಮುಂದೆ, ಸಾಲು ನೆಟ್ಟಗೆ ಕಾಣಲೆಂದು, ಒಪ್ಪವಾಗಿ ಚುಕ್ಕೆಗಳನ್ನು ಇಟ್ಟಿದ್ದರು.

‘ನಾ ಮಾಡಿದ್ದಿದ್ರ ಐದಽ ಇರತಿದ್ವು ಟೀಚರ್’ ಎಂದ ಮೆಹಜಬೀನಳ ಮಾತು ನೆನಪಾಗಿ ಸುಮಂಗಲಾ ಎಣಿಸಿದಳು. ಐದಿದ್ದವು.